ಇಳಿಸೋದು ಹೇಗೆ ಅಂತ ಅವಳು ಕೇಳಿದ್ದಳು

ಫ್ಲೋರಿಡಾದ ಪಶ್ಚಿಮ ತೀರದಲ್ಲಿ, ಟ್ಯಾಂಪಾ ಕೊಲ್ಲಿ ಸಮುದ್ರಕ್ಕೆ ಸೇರುವ ಬಾಯಲ್ಲಿ, ಫೋರ್ಟ್ ಡಿ ಸೋಟೊ ಅಂತ ಒಂದು ಪಾರ್ಕ್ ಇದೆ. ಹಳೇ ಕೋಟೆ, 12 ಇಂಚು ಬಾಯಿಯ ನಾಲ್ಕು ಫಿರಂಗಿ, ಬಿಳಿ ಮರಳು. ನಮ್ಮ ಮನೆಯಿಂದ ಕಾರಲ್ಲಿ ಮುಕ್ಕಾಲು ಗಂಟೆ. ಶನಿವಾರ ಬೆಳಿಗ್ಗೆ ಬೇರೆಯವರು ಬ್ರಂಚ್‌ಗೆ ಹೋದರೆ, ನಾವಿಬ್ಬರೂ ಟ್ರೈಲರ್ ಎಳೆದುಕೊಂಡು ಅಲ್ಲಿಗೆ ಹೋಗ್ತೀವಿ.

ಟ್ರೈಲರ್ ಮೇಲಿರೋದು ಸೆಕೆಂಡ್‌ಹ್ಯಾಂಡ್ ಹೋಬಿ ಟಾಂಡೆಮ್ ಐಲ್ಯಾಂಡ್. ಹದಿನೆಂಟೂವರೆ ಅಡಿ ಉದ್ದದ ಕಯಾಕ್, ಎರಡೂ ಮಗ್ಗುಲಲ್ಲಿ ಒಂದೊಂದು ತೇಲು, ಮಧ್ಯೆ ಒಂದು ಹಾಯಿ. ಮೂರು ಒಡಲು, ಅದಕ್ಕೇ ಟ್ರೈಮರಾನ್. ಆ ಪದದ ಬಾಲ ತಮಿಳಿನ ಕಟ್ಟುಮರದಿಂದ ಬಂದದ್ದು. ನಾನು ಕಾರವಾರದವನು. ದೋಣಿಯ ಒಂದು ಮಗ್ಗುಲಿಗೆ ಮರದ ತುಂಡು ಕಟ್ಟಿಕೊಂಡು ಮೀನಿಗೆ ಹೋಗುವವರನ್ನು ನೋಡುತ್ತಾ ಬೆಳೆದವನು. ಇದು ಅದರದ್ದೇ ಪ್ಲಾಸ್ಟಿಕ್ ಮೊಮ್ಮಗು ಅಂತ ನನ್ನ ಲೆಕ್ಕ. ಹೆಂಡತಿ ದಾವಣಗೆರೆಯವಳು, ಅವಳ ಪಾಲಿಗೆ ಇದು ತೇಲುವ ಸೈಕಲ್. ಗಾಳಿ ಬಿದ್ದರೆ ಪೆಡಲ್ ತುಳಿಯೋದು ಅವಳೇ ಜಾಸ್ತಿ, ಹಾಗಾಗಿ ಆ ಹೆಸರಿನ ಬಗ್ಗೆ ನಾನು ವಾದ ಮಾಡಲ್ಲ.

ತಲೆಗೆ ಹುಳ ಬಿಟ್ಟಿದ್ದು ಎವರ್‌ಗ್ಲೇಡ್ಸ್ ಚಾಲೆಂಜ್. ಪ್ರತಿ ಮಾರ್ಚ್‌ನಲ್ಲಿ ಇದೇ ಮರಳಿನಿಂದ ಸಣ್ಣ ದೋಣಿಗಳು ಸುಮಾರು 300 ಮೈಲಿ ದೂರದ ಕೀ ಲಾರ್ಗೋಗೆ ಹೊರಡ್ತವೆ. ದಡದ ಮೇಲಿರುವ ದೋಣಿಯನ್ನು ಹೊರಗಿನವರ ಸಹಾಯವಿಲ್ಲದೆ ತಾವೇ ನೀರಿಗೆ ದೂಡಬೇಕು, ಅದೇ ಮೊದಲ ಪರೀಕ್ಷೆ. ನೋಡೋಕೆ ಹೋಗಿದ್ದೆ. ನನ್ನದರಂಥದ್ದೇ ಒಂದೆರಡು ದೋಣಿಗಳ ಮುಂದೆ ಇನ್ನೊಂದು ತ್ರಿಕೋನ ಹಾಯಿ ಹಾರುತ್ತಿತ್ತು. ಮುಗೀತು. ಮನೆಗೆ ಬರುವಷ್ಟರಲ್ಲಿ ನಮಗೂ ಒಂದು ಬೇಕು ಅಂತ ತೀರ್ಮಾನ ಆಗಿತ್ತು. 2015ರಲ್ಲಿ ಇದೇ ರೇಸಿನ ಮೊದಲ ದಿನ ಈ ಕೊಲ್ಲಿಯ ಗಾಳಿಗೆ ಸಿಕ್ಕವರನ್ನು ಕೋಸ್ಟ್ ಗಾರ್ಡ್ ರಕ್ಷಿಸಬೇಕಾಗಿ ಬಂದು, ರೇಸೇ ನಿಂತಿತ್ತು. ಅದು ಆ ಹೊತ್ತಿಗೆ ನೆನಪಾಗಲಿಲ್ಲ.

ಆಸೆಗೆ ಕಾರಣ ಇತ್ತು. ಮೂಲ ಹಾಯಿ 90 ಚದರ ಅಡಿ. ಬೆಳಗಿನ ಐದಾರು ನಾಟ್‌ನ ತಿಳಿಗಾಳಿಗೆ ಇಬ್ಬರನ್ನು ಹೊತ್ತ ದೋಣಿ ತೂಕಡಿಸುತ್ತೆ. ಮುಂದೆ ಒಂದು ಜಿಬ್ ಕಟ್ಟಿದರೆ ಬರೀ ವಿಸ್ತಾರ ಹೆಚ್ಚೋದಲ್ಲ, ದೋಣಿಯ ಸಮತೋಲವೇ ಬದಲಾಗುತ್ತೆ. ಒಂದೇ ಹಾಯಿ ಇದ್ದಾಗ ಗಾಳಿ ಜೋರಾದರೆ ಮೂತಿ ತಾನಾಗೇ ಗಾಳಿಯ ಕಡೆ ತಿರುಗೋಕೆ ನೋಡುತ್ತೆ. ಮುಂದಿನ ಹಾಯಿ ಆ ಮೂತಿಯನ್ನು ಆಚೆಗೆ ತಳ್ಳುತ್ತೆ, ಚುಕ್ಕಾಣಿ ಹಗುರ ಆಗುತ್ತೆ. ಎಷ್ಟು ಚೆಂದ ಅಂದುಕೊಂಡೆ.

ಯಾರದೋ ಗ್ಯಾರೇಜ್ ಸೇಲ್‌ನಲ್ಲಿ ಸಣ್ಣ ದೋಣಿಯ ಹಳೇ ಜಿಬ್ ಸಿಕ್ಕಿತು. ಅವಳು ಊಟದ ಟೇಬಲ್ ಮೇಲೆ ಹರಡಿ, ಅಂಚು ಕತ್ತರಿಸಿ, ಪಾಲಿಯೆಸ್ಟರ್ ದಾರದಲ್ಲಿ ಅಂಕುಡೊಂಕು ಹೊಲಿಗೆ ಹಾಕಿ 35 ಚದರ ಅಡಿಗೆ ತಂದಳು. ಹೊಲಿಯುತ್ತಾ ಒಂದು ಪ್ರಶ್ನೆ ಕೇಳಿದಳು: "ಇದನ್ನ ಇಳಿಸೋದು ಹೇಗೆ?"

"ಹಗ್ಗ ಬಿಟ್ಟರೆ ಬೀಳುತ್ತೆ," ಅಂದೆ.

ಇಲ್ಲಿ ಈ ದೋಣಿಯ ಒಂದು ಗುಟ್ಟು ಹೇಳಬೇಕು. ಇದರ ಕಂಬಕ್ಕೆ ಯಾವ ಕಡೆಯಿಂದಲೂ ಬಿಗಿಹಗ್ಗ ಇಲ್ಲ. ಕಂಬವೇ ಗಿರ್ರನೆ ತಿರುಗುತ್ತೆ. ಕೂತಲ್ಲಿಂದ ಒಂದು ಹುರಿ ಎಳೆದರೆ ಚಾಪೆ ಸುತ್ತಿದ ಹಾಗೆ ಹಾಯಿ ಕಂಬಕ್ಕೆ ಸುತ್ತಿಕೊಳ್ಳುತ್ತೆ. ಗಾಳಿ ಜಾಸ್ತಿ ಆಯ್ತಾ? ಅರ್ಧ ಸುತ್ತು. ಹೆದರಿಕೆ ಆಯ್ತಾ? ಪೂರ್ತಿ ಸುತ್ತು, ಪೆಡಲ್ ತುಳಿ. ನಮ್ಮಂಥ ವಾರಾಂತ್ಯದ ನಾವಿಕರು ಧೈರ್ಯವಾಗಿ ಸಮುದ್ರಕ್ಕೆ ಇಳಿಯೋದು ಈ ಒಂದು ಹುರಿಯ ನಂಬಿಕೆಯ ಮೇಲೆ. ನಾನು ಮಾಡಿದ್ದೇನು? ಜಿಬ್ ಏರಿಸುವ ಕಪ್ಪಿಯನ್ನು ಆ ತಿರುಗುವ ಕಂಬದ ತುದಿಗೇ ಬಿಗಿಯಾಗಿ ಕಟ್ಟಿದೆ.

ಏಪ್ರಿಲ್‌ನ ಒಂದು ಶನಿವಾರ ಎಗ್ಮಾಂಟ್ ಕೀ ದ್ವೀಪಕ್ಕೆ ಹೊರಟೆವು. ಬೆಳಿಗ್ಗೆ ಪೂರ್ವದ ತಿಳಿಗಾಳಿ, ಎರಡೂ ಹಾಯಿ ತುಂಬಿ ದೋಣಿ ಸೊರಸೊರ ಅಂತ ಹೋಯಿತು. ಅವಳು ಹಿಂದೆ ತಿರುಗಿ ಹೆಬ್ಬೆರಳು ತೋರಿಸಿದಳು. ದ್ವೀಪ ತುಂಬಾ ಚೆಂದ: 1858ರ ಬಿಳಿ ದೀಪಸ್ತಂಭ, ಪಾಳುಬಿದ್ದ ಫೋರ್ಟ್ ಡೇಡ್, ಇಟ್ಟಿಗೆ ರಸ್ತೆ, ಆ ರಸ್ತೆಯಲ್ಲಿ ಅವಸರವೇ ಇಲ್ಲದೆ ನಡೆಯುವ ಗೋಫರ್ ಆಮೆಗಳು. ಚಪಾತಿ ರೋಲ್ ತಿಂದು, ನೆರಳಲ್ಲಿ ನಿದ್ದೆ ತೆಗೆದೆವು. ಅದೇ ತಪ್ಪಾಯಿತು. ಎದ್ದಾಗ ಮಧ್ಯಾಹ್ನದ ಸಮುದ್ರಗಾಳಿ ಪಶ್ಚಿಮದಿಂದ ಶುರುವಾಗಿತ್ತು.

ದ್ವೀಪಕ್ಕೂ ಫೋರ್ಟ್ ಡಿ ಸೋಟೊಗೂ ನಡುವೆ ದೊಡ್ಡ ಹಡಗುಗಳ ದಾರಿ ಇದೆ, ಎಗ್ಮಾಂಟ್ ಚಾನೆಲ್. ಟ್ಯಾಂಪಾ ಬಂದರಿಗೆ ಹೋಗುವವೆಲ್ಲ ಅದರಲ್ಲೇ ಬರಬೇಕು. ಒಳಗಡೆ ಸನ್‌ಶೈನ್ ಸ್ಕೈವೇ ಸೇತುವೆ ಕಾಣುತ್ತೆ. 1980ರ ಮೇನಲ್ಲಿ ದಿಢೀರ್ ಬಿರುಗಾಳಿಯಲ್ಲಿ ಹಡಗೊಂದು ಅಲ್ಲಿದ್ದ ಹಳೇ ಸೇತುವೆಗೆ ಬಡಿದು 35 ಜನ ಸತ್ತಿದ್ದರು. ಇಲ್ಲಿಯ ಹವಾಮಾನ ಆಟದ ಸಾಮಾನಲ್ಲ.

ಗಾಳಿ 10 ನಾಟ್‌ನಿಂದ 15ಕ್ಕೆ ಏರಿತು. ಒಂದೂವರೆ ಪಟ್ಟು ತಾನೇ ಅನ್ನಿಸುತ್ತೆ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಏರುತ್ತೆ, ಅಂದರೆ ಎರಡೂಕಾಲು ಪಟ್ಟು. ಬಲಗಡೆಯ ತೇಲಿನ ಮೂತಿ ನೀರಿನೊಳಗೆ ಹೋಯಿತು. ಅದು ಮುಳುಗಿತು ಅಂದರೆ ಹಾಯಿ ಕಮ್ಮಿ ಮಾಡು ಅಂತ ದೋಣಿಯೇ ಹೇಳಿದ ಹಾಗೆ. ಅದೇ ಹೊತ್ತಿಗೆ ಎಡಗಡೆ, ಸಮುದ್ರದ ಕಡೆಯಿಂದ, ಕಂಟೇನರ್ ಹಡಗು. ನಿಂತು ಅದಕ್ಕೆ ದಾರಿ ಬಿಡೋಣ ಅಂತ ಅಭ್ಯಾಸಬಲದಿಂದ ಸುತ್ತುವ ಹುರಿ ಎಳೆದೆ.

ಮೂರು ಸುತ್ತಿಗೆ ಕಂಬ ನಿಂತುಬಿಟ್ಟಿತು. ಜಿಬ್‌ನ ಹಗ್ಗವೂ ಹಾಯಿ ಜೊತೆ ಕಂಬಕ್ಕೆ ಸುತ್ತಿಕೊಂಡಿತ್ತು. ಈಗ ಹಾಯಿ ಸುತ್ತಲ್ಲ, ಜಿಬ್ ಇಳಿಯಲ್ಲ. ಚುಕ್ಕಾಣಿ ತಿರುಗಿಸಿ ಗಾಳಿಗೆ ಮುಖ ಮಾಡೋಣ ಅಂದರೆ ಮುಂದಿನ ಜಿಬ್ ಮೂತಿಯನ್ನು ಆಚೆಗೇ ತಳ್ಳುತ್ತಿತ್ತು. ಬೆಳಿಗ್ಗೆ ಚೆಂದ ಅಂದುಕೊಂಡಿದ್ದ ಅದೇ ಗುಣ. ಜಿಬ್ ಹಿಡಿದ ಕೆಳಗಿನ ಹಗ್ಗವನ್ನಾದರೂ ಬಿಡಬಹುದಿತ್ತು. ಹತ್ತು ಡಾಲರ್ ಉಳಿಸೋಕೆ ಕ್ಲೀಟ್ ಹಾಕದೆ ಗಂಟು ಹಾಕಿದ್ದೆ. ಒದ್ದೆ ಗಂಟು ಬಿಚ್ಚಲಿಲ್ಲ. ದೋಣಿ ನೇರವಾಗಿ ಚಾನೆಲ್ ಒಳಗೆ ಓಡುತ್ತಿತ್ತು.

ಹಡಗು ಐದು ಸಲ ಚುಟುಕಾಗಿ ಹಾರ್ನ್ ಹೊಡೆಯಿತು. ಕಡಲ ನಿಯಮದಲ್ಲಿ ಅದಕ್ಕೆ ಅರ್ಥ: ನೀನೇನು ಮಾಡ್ತಿದ್ದೀಯ ಅಂತ ನನಗೆ ಗೊತ್ತಾಗ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಅವಳು ಲೈಫ್ ಜಾಕೆಟ್‌ನಿಂದ ಚಾಕು ತೆಗೆದು ಆ ಹಗ್ಗ ಕತ್ತರಿಸಿದಳು. ನಾನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಜಿಬ್ ಪಟಪಟ ಬಡಿದುಕೊಳ್ಳುತ್ತಾ ಸತ್ತಿತು, ಮೂತಿ ತಿರುಗಿತು, ಇಬ್ಬರೂ ಉಸಿರು ಕಟ್ಟಿ ಬಂದ ದಾರಿಗೆ ಪೆಡಲ್ ತುಳಿದೆವು. ಹಡಗು ಗೋಡೆಯ ಹಾಗೆ ದಾಟಿಹೋಯಿತು. ಅದರ ಅಲೆ ಬಂದಾಗ ಅವಳು ಇನ್ನೂ ಚಾಕು ಹಿಡಿದೇ ಇದ್ದಳು.

ಮನೆ ತಲುಪುವ ತನಕ ಮಾತಿಲ್ಲ. ರಾತ್ರಿ ಅನ್ನ ಸಾರು ಬಡಿಸುತ್ತಾ, "ನಾನು ಕೇಳಿದ್ದೆ," ಅಂದಳು. ಅಷ್ಟೇ.

ಆಮೇಲೆ ಒಂದು ತಿಂಗಳು ಗ್ಯಾರೇಜ್‌ನಲ್ಲಿ ಕಳೆದೆವು. ಈಗ ಕಂಬದ ತುದಿಯಲ್ಲಿ ಬೇರಿಂಗ್ ಮೇಲೆ ಕೂತ ಪಿವಿಸಿ ಟೋಪಿ ಇದೆ. ಕಂಬ ಒಳಗೆ ತಿರುಗಿದರೂ ಟೋಪಿ ತಿರುಗಲ್ಲ. ಕಪ್ಪಿ ಇರೋದು ಆ ಟೋಪಿಗೆ. ಟೋಪಿಯಿಂದ ಹಿಂದಿನ ಅಡ್ಡತೋಳಿಗೆ ಎರಡು ತೆಳ್ಳನೆ ಹಗ್ಗ, ಇಲ್ಲದಿದ್ದರೆ ಜಿಬ್ ಎಳೆತಕ್ಕೆ ಕಂಬ ಮುಂದಕ್ಕೆ ಬಾಗುತ್ತೆ. ಇದಕ್ಕೂ ಬೆಲೆ ಇದೆ: ಗಾಳಿ ಬೆನ್ನಿಗಿದ್ದಾಗ ದೊಡ್ಡ ಹಾಯಿಯನ್ನು ಮೊದಲಿನಷ್ಟು ಅಗಲ ಬಿಡೋಕಾಗಲ್ಲ, ಹಗ್ಗಕ್ಕೆ ಉಜ್ಜುತ್ತೆ. ಆಗಲಿ. ಗಂಟಿನ ಜಾಗಕ್ಕೆ ಕ್ಲೀಟ್ ಬಂದಿದೆ. ಜಿಬ್‌ನ ನೆತ್ತಿಗೆ ಇನ್ನೊಂದು ಹುರಿ ಕಟ್ಟಿ, ದೋಣಿಯ ಮೂತಿಯಲ್ಲಿ ಹಾಯಿಸಿ ಸೀಟಿಗೆ ತಂದಿದ್ದೀವಿ. ಎಳೆದರೆ ಹಾಯಿ ಕೆಳಗೆ ಬರಲೇಬೇಕು. ಜಿಬ್‌ನ್ನೂ ಅವಳು ಮತ್ತೆ ಕತ್ತರಿಸಿ 25 ಅಡಿಗೆ ಇಳಿಸಿದಳು. ನಾನು ತುಟಿ ಬಿಚ್ಚಲಿಲ್ಲ.

ನೀರಿಗೆ ಇಳಿಯುವ ಮುಂಚೆ ಮರಳ ಮೇಲೇ ಅವಳು ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತುತ್ತಾಳೆ. ಮೊದಲು ಜಿಬ್, ಆಮೇಲೆ ದೊಡ್ಡದು. ಎರಡೂ ಹತ್ತು ಸೆಕೆಂಡಿನೊಳಗೆ ಇಳಿಯದಿದ್ದರೆ ಜಿಬ್ ಕಾರಿನಲ್ಲೇ ಉಳಿಯುತ್ತೆ. ಪಕ್ಕದ ಮೀನು ಹಿಡಿಯುವ ಅಜ್ಜಂದಿರು ನಗ್ತಾರೆ. ಕಳೆದ ವಾರ ಹನ್ನೊಂದು ಬಂತು. "ಒಂದೇ ಸೆಕೆಂಡು ಕಣೇ," ಅಂದೆ. ಅವಳು ಆಗಲೇ ಹಾಯಿ ಮಡಚುತ್ತಿದ್ದಳು.