ನಾಲ್ಕೂ ಗಾಲಿ

ಪುಣೆಯಿಂದ ಧಾರವಾಡಕ್ಕೆ 400 ಕಿಲೋಮೀಟರಿನ ಮೇಲೆ. ತಿಂಗಳಿಗೊಮ್ಮೆ ಅವ್ವನ ಕಡೆ ಓಡುತ್ತಿದ್ದ ನಾನು, 10,000ಕ್ಕೊಮ್ಮೆ ಟೈರು ಅದಲುಬದಲು ಮಾಡಿಸುವುದನ್ನು ಮಾತ್ರ ಮುಂದೂಡುತ್ತಲೇ ಬಂದೆ. ಮೊನ್ನೆ ಅಳೆಸಿದರೆ ಮುಂದಿನವೆರಡೂ 2 ಮಿ.ಮೀ., ಹಿಂದಿನವು 5. ಕಾನೂನಿನ ಮಿತಿಯೇ 1.6! ಮುಂದಿನವೆರಡನ್ನೇ ಬದಲಿಸಪ್ಪಾ ಅಂದರೆ ಟೈರಿನವನು ಒಪ್ಪಲಿಲ್ಲ.

"ಸಾಹೇಬ್, ಇದು ಆಲ್-ವೀಲ್-ಡ್ರೈವ್. ಹೊಸ ಟೈರು ದೊಡ್ಡದು, ಕಡಿಮೆ ಸುತ್ತುತ್ತೆ. ಸವೆದದ್ದು ಹೆಚ್ಚು ಸುತ್ತುತ್ತೆ. ಎರಡರ ಜಗಳದಲ್ಲಿ ನಡುವಿನ ಕಪ್ಲಿಂಗ್ ಕಾದು ಕೆಡುತ್ತೆ" ಎಂದು ಮರಾಠಿಯಲ್ಲೇ ಬೈದ. ಆಗಾಗ ಹಿಂದು-ಮುಂದು ಮಾಡಿಸಿದ್ದರೆ ನಾಲ್ಕೂ ಒಟ್ಟಿಗೇ ಸವೆಯುತ್ತಿದ್ದವು, ಗಟ್ಟಿ ಇದ್ದ ಎರಡನ್ನು ಬಿಸಾಡಬೇಕಿರಲಿಲ್ಲ.

ದೀಪಾವಳಿಗೆಂದು ತೆಗೆದಿಟ್ಟ ದುಡ್ಡು ಅಲ್ಲೇ ಕರಗಿತು. ಈ ಸಲ ಬರೋದು ಕಷ್ಟ ಅಂತ ಫೋನಿನಲ್ಲಿ ಹೇಳಿದೆ.

"ನಾಲ್ಕೂ ಹೊಸಾವು ಅದಾವಲ್ಲ, ಮತ್ಯಾಕ ಅಲ್ಲೇ ಕುಂತೀ? ಬಾ" ಅಂದಳು ಅವ್ವ.