ಮೂರು ಸೆಕೆಂಡು ಸುಮ್ಮನಿರುವುದು

ನಮ್ಮ ಶಾಲೆಗಳ ಕಪಾಟು ತೆಗೆದರೆ ಹಾಜರಿ ಪುಸ್ತಕದ ಕೆಳಗೆ ಒಂದಾದರೂ ‘ಕ್ರಿಯಾ ಸಂಶೋಧನೆ’ಯ ವರದಿ ಸಿಕ್ಕೇ ಸಿಗುತ್ತದೆ. ಸ್ಪೈರಲ್ ಬೈಂಡಿಂಗು, ಒಳಗೆ ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, ಬಣ್ಣದ ನಕ್ಷೆ. ಪ್ರಾಕ್ಕಲ್ಪನೆ ಸೋತ ವರದಿಯನ್ನು ಮಾತ್ರ ನಾನಿನ್ನೂ ಕಂಡಿಲ್ಲ. ಗದಗ ಜಿಲ್ಲೆಯ ಮಕ್ಕಳು ಅಷ್ಟು ವಿಧೇಯರು!

ಇಂಥ ವರದಿಗಳಾಚೆ, ತರಗತಿಯನ್ನು ನಿಜಕ್ಕೂ ಕೇಳಿಸಿಕೊಂಡ ಸಂಶೋಧನೆಯೂ ಇದೆ. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ 1970ರ ದಶಕದಲ್ಲಿ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಕೂತು ಕೇಳಿದರು. ಪ್ರಶ್ನೆ ಕೇಳಿದ ಮಾಸ್ತರರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು. ಇದಕ್ಕೆ ಅನುದಾನ ಬೇಡ, ಕಿಟ್ ಬೇಡ, ಸುತ್ತೋಲೆಯೂ ಬೇಡ. ಅದಕ್ಕೇ ಇರಬೇಕು, ಹೆಚ್ಚಿನವರು ಅದರ ಗೋಜಿಗೆ ಹೋಗಿಲ್ಲ.

ಮುಂಡರಗಿ ಕಡೆಯ ಒಂದು ವರ್ಗ. “ಎರಡರಲ್ಲಿ ಒಂದು ದೊಡ್ಡದೋ, ಮೂರರಲ್ಲಿ ಒಂದೋ?” ಮುಂದಿನ ಸಾಲು ಒಕ್ಕೊರಲಿನಿಂದ, “ಮೂರರಲ್ಲೊಂದ್ರೀ ಸರ!” ಸರ ತಿದ್ದಲಿಲ್ಲ, ಸುಮ್ಮನೆ ನಿಂತರು. ಹಿಂದೆ ಗೋಡೆಗೆ ಒರಗಿದ್ದ ಹುಡುಗಿ ಎದ್ದಳು: “ಒಂದ್ ರೊಟ್ಟಿ ಇಬ್ರು ಹಂಚ್ಕೊಂಡ್ರ ಹೆಚ್ಚಿಗಿ ಬರತೈತ್ರೀ, ಮೂರ್ ಮಂದಿ ಆದ್ರ ಕಮ್ಮಿ.” ಇಲ್ಲಿಯೂ ಒಂದು ಅಪಾಯವುಂಟು. ಲೆಕ್ಕ ಕೇಳಿಸಿಕೊಳ್ಳುವ ಮೊದಲೇ “ಬರತೈತಿ ಅಲ್ಲ, ಬರುತ್ತದೆ ಅನ್ನು” ಎನ್ನುವವರಿದ್ದಾರೆ. ಪಂಪ ತನ್ನ ಕಾವ್ಯಕ್ಕೆ ತಿರುಳೆಂದು ಆರಿಸಿಕೊಂಡದ್ದು ಪುಲಿಗೆರೆಯ, ಅಂದರೆ ಇದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕನ್ನಡವನ್ನು. ಆ ಸೀಮೆಯ ಮಕ್ಕಳ ಬಾಯಿಗೇ ಈಗ ತಿದ್ದುಪಡಿ! ಮನೆಮಾತಿನಿಂದ ಕಲಿಕೆ ಶುರುವಾಗಲಿ ಎಂದು ಸಂಶೋಧಕರು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಇದ್ದಾರೆ.

ಬೇರೆ ಕಡೆಯ ವಿಚಾರ ನಮ್ಮಲ್ಲಿ ಬೇರೂರುವುದೇ ಇಲ್ಲ ಎನ್ನಲಾಗದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದದ್ದು ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡು ಬಂದ ಶಿಕ್ಷಕರು ತಾವೇ ಕೂತು ಕಲಿಕೆಯ ಕಾರ್ಡು ಬರೆದದ್ದರಿಂದ. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು: ಕಲಿಕಾ ಏಣಿ, ಗುಂಪಿನ ತಟ್ಟೆ, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ. ಬರೆದವರ ಕೈಯಲ್ಲಿ ಕಾರ್ಡು ಮಾಸಿತು, ಆದೇಶದಿಂದ ಬಂದ ಎಷ್ಟೋ ಕಡೆ ಹೊಸದಾಗಿಯೇ ಉಳಿಯಿತು. ಮಾಸದ ಕಾರ್ಡನ್ನು ನಾನಂತೂ ನಂಬುವುದಿಲ್ಲ.

ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಈ ಮೂರು ಸೆಕೆಂಡಿನ ಮಾತು ತೆಗೆದಾಗ ಒಬ್ಬ ಮಾಸ್ತರರು, “ಅಷ್ಟೊತ್ತು ಸುಮ್ನ ನಿಂತ್ರ ಹುಡುಗ್ರು ಗದ್ದಲ ಎಬ್ಬಸ್ತಾರ್ರೀ, ಪೋರ್ಷನ್ ಯಾರು ಮುಗಸ್ತಾರ?” ಎಂದರು. ನ್ಯಾಯವಾದ ಪ್ರಶ್ನೆಯೇ. ಶಿರಹಟ್ಟಿ ಕಡೆಯ ಅಕ್ಕೋರೊಬ್ಬರು ಚಹಾದ ಕಪ್ಪು ಕೆಳಗಿಟ್ಟು ಹೇಳಿದರು: “ನಾ ಪ್ರಶ್ನೆ ಕೇಳಿ ಬೋರ್ಡ್ ಒರಸಾಕ ತಿರುಗ್ತೀನ್ರೀ. ಒರಸಿ ಮುಗಸೂದ್ರಾಗ ನಾಕೈದು ಕೈ ಎದ್ದಿರ್ತಾವು.”