ಫೌಜಿ ಮೇಸ್ತ್ರಿಯ ಕೆಲಸ

2024ರ ಜುಲೈ ಕೊನೆಯಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ 190 ಅಡಿಯ ಬೈಲಿ ಸೇತುವೆ ಕಟ್ಟಿದ್ದು ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು. 1780ರಲ್ಲಿ ಹುಟ್ಟಿದ ಈ ಪಡೆಯಲ್ಲಿ ಬಂದೂಕಿನ ಜೊತೆಗೆ ಗಾರೆ, ಮರಗೆಲಸ, ಪ್ಲಂಬಿಂಗ್ ಕೂಡ ಕಲಿಸುತ್ತಾರೆ. ನಿವೃತ್ತರಾದ ಮೇಲೆ ಕೆಲವರು ಊರಿಗೆ ಬಂದು ಗುತ್ತಿಗೆ ಹಿಡಿಯುತ್ತಾರೆ: ಮನೆ, ಶಾಲೆ ಕೊಠಡಿ, ಕಾಂಪೌಂಡು, ಮೋರಿ.

ಅಂಥ ಒಬ್ಬರ ಕೆಲಸ ಹತ್ತಿರದಿಂದ ನೋಡಿದ್ದೇನೆ. ಕಲಸುವುದು ಸುಲಭವಾಗಲಿ ಅಂತ ಕಾಂಕ್ರೀಟಿಗೆ ನೀರು ಸುರಿಯಲು ಬಿಡುವುದೇ ಇಲ್ಲ. ತಾರಸಿ ಹಾಕಿದ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸುತ್ತಾರೆ. "ಸಾರ್, ಒಂದು ವಾರ ಆಯ್ತಲ್ಲ, ಸಾಕು" ಅಂದ ಹುಡುಗನಿಗೆ, "ಈ ಸಿಮೆಂಟಿಗೆ ಹತ್ತು ದಿನ ಬೇಕಪ್ಪ, ಇನ್ನೂ ಮೂರು ದಿನ ನಿಲ್ಲಿಸು" ಅಂದರು. ಅವರ ಹಳೆಯ ಕಟ್ಟಡಗಳಲ್ಲಿ ಮಳೆಗಾಲದಲ್ಲೂ ಗೋಡೆ ಒದ್ದೆಯಾಗದಿರುವುದಕ್ಕೆ ಈ ಶಿಸ್ತೇ ಕಾರಣ.

ಮನೆ ಕಟ್ಟಿಸುವವರೇ, ಚದರಕ್ಕೆ ಎಷ್ಟು ಅಂತ ಕೇಳುವ ಮೊದಲು ಗುತ್ತಿಗೆದಾರರು ಐದು ವರ್ಷದ ಹಿಂದೆ ಕಟ್ಟಿದ ಮನೆಗೆ ಹೋಗಿ ಬನ್ನಿ. ನಿಮ್ಮೂರಲ್ಲಿ ಇಂಥ ಮಾಜಿ ಸೈನಿಕರಿದ್ದರೆ ಮೊದಲು ಅವರನ್ನೇ ವಿಚಾರಿಸಿ.